ಗೆರ್ಡಾ ಎಂಬ ಅಚ್ಚು

ಪ್ರಾಗ್, ವಿಮಾನ ನಿಲ್ದಾಣ

ಚಿನ್ನ ಅಲ್ಲ ಎಂದು ಮೊದಲೇ ಹೇಳಿ, ಚಿನ್ನದಂತೆ ಕಾಣುವುದನ್ನು ಬಾಡಿಗೆಗೆ ಕೊಡುವುದು ನಮ್ಮ ಕಸುಬು. ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ನನಗೂ ಝೊಹರಾಳಿಗೂ ಸೇರಿದ ಒಂದು ಫ್ಯಾನ್ಸಿ ಅಂಗಡಿ ಉಂಟು. ನಾನು ಐವರ್ನಾಡಿನಲ್ಲಿ ಹುಟ್ಟಿ ಪುತ್ತೂರಿಗೆ ಮದುವೆಯಾಗಿ ಬಂದವಳು, ಅವಳು ಆಲಂಕಾರಿನವಳು. ಹೊಲಿಗೆ ಕ್ಲಾಸಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಒಂದೇ ಗಲ್ಲಾದಲ್ಲಿ ಕೂರುವ ಹಾಗಾಯಿತು. ಮದುಮಗಳಿಗೆ ಬೇಕಾದ ಸೊಂಟಪಟ್ಟಿ, ವಂಕಿ, ಜುಮುಕಿ, ಉದ್ದ ಸರ ಎಲ್ಲ ನಮ್ಮಲ್ಲಿ ಸೆಟ್ಟಾಗಿ ಸಿಗುತ್ತದೆ. ಧಾರೆಗೂ ಅದೇ ಸೆಟ್, ನಿಕಾಹಕ್ಕೂ ಅದೇ ಸೆಟ್. ಇಷ್ಟು ವರ್ಷಗಳಲ್ಲಿ ಅದನ್ನು ನಿಜವಾದ ಚಿನ್ನ ಎಂದು ನಂಬಿದ ಗಿರಾಕಿ ಒಬ್ಬರೂ ಇಲ್ಲ. ಮೊದಲ ಬಾರಿಗೆ ನಂಬಿದವನು ಪ್ರಾಗ್ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ.

ಕಲ್ಲು ಬಿದ್ದುಹೋದ ಒಂದು ಹಳೆಯ ಸೆಟ್ಟನ್ನು, ಸರಿಹೊಂದುವ ಕಲ್ಲು ಸಿಗಬಹುದೆಂದು ಝೊಹರಾ ತನ್ನ ಪೆಟ್ಟಿಗೆಯಲ್ಲಿ ಹಾಕಿಕೊಂಡಿದ್ದಳು. ಅಧಿಕಾರಿ ಸೊಂಟಪಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಅದರ ಉದ್ದ ನೋಡಿ, ನಮ್ಮಿಬ್ಬರ ಮುಖ ನೋಡಿ, ಇನ್ನೊಬ್ಬನನ್ನು ಕರೆದ. ಗಾಬರಿಯಾದರೆ ಝೊಹರಾಳಿಗೆ ಇಂಗ್ಲಿಷ್ ಬರುವುದಿಲ್ಲ.

"ಡುಪ್ಲಿಕೇಟ್ ಮಾರಾಯ್ರೆ, ಡುಪ್ಲಿಕೇಟ್! ನೋಡಿ ಇಲ್ಲಿ, ಬಣ್ಣ ಹೋಗಿದೆ," ಎಂದು ಅಂಗಡಿಯಲ್ಲಿ ಗಿರಾಕಿಗಳ ಎದುರು ತಾನೇ ಹೆಬ್ಬೆರಳು ಇಟ್ಟು ಮುಚ್ಚುವ ಜಾಗವನ್ನು ಅವನ ಮೂಗಿನ ಹತ್ತಿರ ಹಿಡಿದಳು.

ಅವರು ಅದನ್ನು ಒಂದು ಯಂತ್ರದ ಕೆಳಗೆ ಇಟ್ಟರು. ಹಿತ್ತಾಳೆ ಎಂದು ಯಂತ್ರ ಹೇಳಿರಬೇಕು. ಇಬ್ಬರೂ ನಕ್ಕರು. ಒಬ್ಬ ಬೆರಳಿನಿಂದ ಸೊಂಟ ತೋರಿಸಿ, ಇಲ್ಲಿ ಕಟ್ಟುವುದಾ ಎಂದು ಕೇಳಿದ. ಹೌದೆಂದೆ. ಅವನು ಬಹಳ ಗೌರವದಿಂದ ಅದನ್ನು ಮಡಚಿ ಕೊಟ್ಟ. ನಮ್ಮ ಊರಿನ ಮದುಮಗನ ಕಡೆಯವರು ಕೂಡ ಅಷ್ಟು ಜೋಪಾನವಾಗಿ ವಾಪಸು ಕೊಟ್ಟದ್ದಿಲ್ಲ.

ಹೊರಗೆ ಝೊಹರಾಳ ತಮ್ಮ ಹಮೀದ್ ಕಾಯುತ್ತಿದ್ದ. ದುಬೈಯಲ್ಲಿ ಮಣಿ, ಕಲ್ಲುಗಳ ಹೋಲ್‌ಸೇಲ್ ವ್ಯಾಪಾರ ಅವನದು; ಖರೀದಿಗೆ ಆಗಾಗ ಇಲ್ಲಿಗೆ ಬರುತ್ತಾನೆ. ಈ ಸಲ ಅಕ್ಕನನ್ನು ಕರೆದ. ಅಕ್ಕ, "ಶಶಿ ಬರುದಾದರೆ ಮಾತ್ರ ನಾನು ಬರುದು," ಎಂದಳು. ಹಾಗೆ ನಾನು, ಮಂಗಳೂರು, ಧರ್ಮಸ್ಥಳ, ಮೈಸೂರು ಬಿಟ್ಟು ಬೇರೆ ನೋಡದವಳು, ಅಕ್ಟೋಬರಿನ ಚಳಿಗೆ ಎರಡು ಸ್ವೆಟರ್ ಹಾಕಿಕೊಂಡು ಚೆಕ್ ದೇಶದ ನೆಲದಲ್ಲಿ ನಿಂತಿದ್ದೆ.

ಯಾಬ್ಲೊನೆಟ್ಸ್

ಯಾಬ್ಲೊನೆಟ್ಸ್ ಗುಡ್ಡಗಳ ನಡುವಿನ ಊರು. ಸೇಬಿನ ಮರದಿಂದ ಆ ಹೆಸರು ಬಂದದ್ದಂತೆ. ನಮ್ಮ ಸುಳ್ಯದ ಹಾಗೆ, ಯಾವ ರಸ್ತೆ ಹಿಡಿದರೂ ಸ್ವಲ್ಪ ಹೊತ್ತಿನಲ್ಲಿ ಏರು ಸಿಗುತ್ತದೆ. ಈ ಊರಿನವರು ತಲೆಮಾರುಗಳಿಂದ ಗಾಜಿನ ಮಣಿ, ಗುಂಡಿ, ಬಳೆ, ಕಲ್ಲು ಮಾಡಿ ಲೋಕಕ್ಕೆಲ್ಲ ಕಳಿಸಿದವರು. ಬಡವರೂ ಹೊಳೆಯಬೇಕಲ್ಲ, ಅದಕ್ಕೆ ಬೇಕಾದ ಸಾಮಾನು ಇಲ್ಲಿಂದ ಹೋಗುತ್ತಿತ್ತು.

ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ಇಬ್ಬರು ಹೆಂಗಸರು ಪಕ್ಕಪಕ್ಕ ಕೂತು, ಹತ್ತುವಾಗ ಒಂದು ನಮಸ್ಕಾರ, ಇಳಿಯುವಾಗ ಒಂದು ನಮಸ್ಕಾರ, ನಡುವೆ ಏನೂ ಇಲ್ಲ. ಬಾಯಿಗೆ ಬಲೆ ಕಟ್ಟಿದ ನಾಯಿಯೊಂದು ಸೀಟಿನ ಕೆಳಗೆ ಮಲಗಿ ಅಷ್ಟೇ ಮೌನವಾಗಿ ಪ್ರಯಾಣ ಮಾಡಿತು. ಕಡಬದ ಬಸ್ಸಿನಲ್ಲಿ ಹತ್ತಿದ ಮೇಲೆ ಇಳಿಯುವಷ್ಟರಲ್ಲಿ ಪಕ್ಕದವರ ಮಗಳ ಸಂಬಂಧ ಎಲ್ಲಿವರೆಗೆ ಬಂತು ಎಂದು ಗೊತ್ತಾಗುತ್ತದೆ. ಝೊಹರಾ ಸಹಿಸುವಷ್ಟು ಸಹಿಸಿ, ನನ್ನ ಕಿವಿಯಲ್ಲಿ, "ಇವರಿಗೆ ಎಂತ ಆಗಿದೆ ಶಶಿ? ಯಾರಾದರೂ ತೀರಿಹೋದರಾ?" ಎಂದಳು.

ಮಾತು ಹೊರಡಿಸುವ ಒಂದು ವಿಷಯ ಮಾತ್ರ ಅವರಿಗೆ ಉಂಟು. ಅದು ಅಣಬೆ. ನಾವಿದ್ದ ಮನೆಯ ಹಿಂದಿನ ಕಾಡಿಗೆ ಬೆಳಿಗ್ಗೆ ಬೆಳಿಗ್ಗೆ ಅಜ್ಜ ಅಜ್ಜಿ ಮಕ್ಕಳು ಬುಟ್ಟಿ ಹಿಡಿದು ಹೋಗುತ್ತಾರೆ. ವಾಪಸು ಬರುವಾಗ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿರುತ್ತದೆ. ಎಲ್ಲಿ ಸಿಕ್ಕಿತು ಎಂದರೆ ಕೈಬೀಸಿ ಇಡೀ ಕಾಡು ತೋರಿಸುತ್ತಾರೆ. ನನಗೆ ಐವರ್ನಾಡು ನೆನಪಾಯಿತು. ಮೊದಲ ಗುಡುಗು ಬಂದ ಮೇಲೆ ಕಲ್ಲಣಬೆ ಹುಡುಕಲು ಹೋಗುವಾಗ ನನ್ನ ಅಮ್ಮನೂ ನೆರೆಯವರಿಗೆ ಜಾಗ ಹೇಳುತ್ತಿರಲಿಲ್ಲ. ಸೆರಗಿನಲ್ಲಿ ಕಟ್ಟಿ ತಂದು, ದನಕ್ಕೆ ಸೊಪ್ಪು ತರಲು ಹೋಗಿದ್ದೆ ಎನ್ನುತ್ತಿದ್ದಳು.

ಹೊಳೆಯ ಬದಿ, ಹಾನಾಳ ಗುಡಿಸಲು

ಹಮೀದ್ ಮಣಿ ಕೊಳ್ಳುವವರಲ್ಲಿ ಹಾನಾ ಎಲ್ಲರಿಗಿಂತ ಹಿರಿಯಳು. ಎಂಬತ್ತು ದಾಟಿದವಳು, ಸಣ್ಣ ಆಳು, ಕೆನ್ನೆ ಮಾತ್ರ ಹುಡುಗಿಯದರಂತೆ ಕೆಂಪು. ಊರಿನ ಹೊರಗೆ ಹೊಳೆಯ ಬದಿಯಲ್ಲಿ ಅವಳ ಮನೆ. ಬಾಗಿಲಲ್ಲಿ ಶೂ ಬಿಚ್ಚಿದೆವು. ಒಳಗೆ ಬಂದವರಿಗೆಂದೇ ಜೋಡಿಸಿಟ್ಟ ಉಣ್ಣೆಯ ಚಪ್ಪಲಿಗಳಲ್ಲಿ ನಮಗೆ ಹೊಂದುವುದನ್ನು ಹಾನಾ ತಾನೇ ಬಗ್ಗಿ ಆರಿಸಿಕೊಟ್ಟಳು. ಪರದೇಶದಲ್ಲಿ ಒಬ್ಬರು ಚಪ್ಪಲಿ ಹೊರಗೆ ಬಿಡಿ ಎಂದದ್ದು ಕೇಳಿ ನನಗೆ ಅರ್ಧ ಊರು ಸಿಕ್ಕಿದ ಹಾಗಾಯಿತು.

ಅವಳ ಮಗಳು ಲೆಂಕಾ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಹಾನಾ ಚೆಕ್‌ನಲ್ಲಿ ಹೇಳಿದ್ದನ್ನು ಅವಳು ಇಂಗ್ಲಿಷಿಗೆ ತಂದರೆ, ಹಮೀದ್ ಉಳಿದದ್ದನ್ನು ನಮಗೆ ಬಿಡಿಸಿ ಹೇಳುತ್ತಿದ್ದ.

ಮನೆಯ ಹಿಂದೆ ಮರದ ಒಂದು ಗುಡಿಸಲು. ಒಳಗೆ ಒಂದು ಕುಲುಮೆ, ಒಂದು ಮೊಳಕಾಲೆತ್ತರದ ಮಣೆ, ಗೋಡೆ ತುಂಬ ಮೊಳೆ, ಮೊಳೆಗಳಲ್ಲಿ ಇಕ್ಕಳದಂಥ ಕಬ್ಬಿಣದ ಅಚ್ಚುಗಳು. ಗಾಜಿನ ಕಡ್ಡಿಯನ್ನು ಕುಲುಮೆಯಲ್ಲಿ ಮೇಣದಷ್ಟು ಮೆತ್ತಗಾಗುವವರೆಗೆ ಕಾಯಿಸಿ, ಅಚ್ಚಿನ ಎರಡು ಬಾಯಿಗಳ ನಡುವೆ ಒತ್ತಿದರೆ ಮಣಿ. ಒತ್ತುವಾಗ ಗಾಜು ಸಂದಿನಿಂದ ಸ್ವಲ್ಪ ಹೊರಗೆ ಚಿಮ್ಮಿ ಉಗುರಿನ ತುದಿಯಂಥ ಒಂದು ಚೂಪು ಅಂಚು ಉಳಿಯುತ್ತದೆ. ಅದನ್ನು ತಿಕ್ಕಿ ತೆಗೆದ ಮೇಲೆ ಮಣಿ ಮಾರಾಟಕ್ಕೆ. ಗಂಡಸರು ಒತ್ತುವುದು, ಹೆಂಗಸರು ಮನೆಯಲ್ಲಿ ಕೂತು ಪೋಣಿಸುವುದು.

"ನಮ್ಮಲ್ಲಿ ಬೀಡಿ ಕಟ್ಟಿದ ಹಾಗೆಯೇ," ಎಂದಳು ಝೊಹರಾ. ಅವಳ ಉಮ್ಮ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಮೊರ ಹಿಡಿದು ಕೂರುವುದನ್ನು ಅವಳು ಅಭಿನಯಿಸಿ ತೋರಿಸಿದಾಗ ಹಾನಾ ಕೂಡ ತನ್ನ ಅಮ್ಮ ಕೂರುತ್ತಿದ್ದ ಹಾಗೆ ಕೂತು ತೋರಿಸಿದಳು. ಇಬ್ಬರೂ ಒಂದೇ ರೀತಿ ಸೊಂಟ ಬಗ್ಗಿಸಿ ಕೂತಿದ್ದರು.

"ನನ್ನ ಅಜ್ಜ ಇಲ್ಲಿ ಒತ್ತಿದ್ದು ಇಂಡಿಯಾಕ್ಕೆ ಹೋಗುತ್ತದೆ ಎಂದು ಕಂಪನಿಯವರು ಹೇಳುತ್ತಿದ್ದರಂತೆ," ಎಂದಳು ಹಾನಾ. "ತಲುಪಿದ್ದು ಹೌದಾ?"

ನಾವು ಮುಖ ಮುಖ ನೋಡಿದೆವು. ಝೊಹರಾ ಯೋಚಿಸಿ, "ನನ್ನ ಅಜ್ಜಿಯ ಹತ್ತಿರ ಒಂದು ಗಾಜಿನ ಸರ ಇತ್ತು. ವಿಲಾಯತಿದ್ದು ಅಂತ ಹೇಳುದು. ಇವರದ್ದೇ ಅಂತ ಹೇಳು ಹಮೀದ್, ಮುದುಕಿಗೆ ಸಂತೋಷ ಆಗಲಿ," ಎಂದಳು. ಹಮೀದ್ ಹೇಳಿದ. ಹಾನಾ ನಗಲಿಲ್ಲ. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, "ಹಾಗಾದರೆ ತಲುಪಿದೆ," ಎಂದಳು.

ಆಮೇಲೆ ಅವಳು ಗೋಡೆಯಿಂದ ಒಂದು ಅಚ್ಚನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಐದು ಎಸಳಿನ ಹೂವು. ಒಂದು ಎಸಳು ಮಾತ್ರ ಸೊಟ್ಟ, ಗಾಳಿಗೆ ಮಗುಚಿದ ಹಾಗೆ.

"ಇದರ ಹೆಸರು ಗೆರ್ಡಾ," ಎಂದಳು.

ಅಚ್ಚಿಗೆ ಹೆಸರಿಡುತ್ತಾರಾ ಎಂದು ನಾನು ಕೇಳಿದೆ. ಆಗ ಅವಳು ಹೇಳಿದ ಕತೆ ಇದು.

ಹಾನಾಳ ಅಪ್ಪ ಜರ್ಮನ್ ಮಾತಾಡುವವರು. ಈ ಊರಿನ ಹೆಚ್ಚಿನ ಮಣಿ ಕೆಲಸದವರೂ ಹಾಗೆಯೇ. ಅವರ ಮೊದಲ ಹೆಂಡತಿ ಒಂದು ಹೆಣ್ಣು ಮಗುವನ್ನು ಬಿಟ್ಟು ತೀರಿಕೊಂಡಳು. ಆ ಮಗು ಗೆರ್ಡಾ. ಎರಡನೆಯ ಹೆಂಡತಿ ಚೆಕ್ ಹೆಂಗಸು. ಅವಳ ಮಗಳು ಹಾನಾ. ಗೆರ್ಡಾ ಅಪ್ಪನ ಬಾಲದಂತೆ ಈ ಗುಡಿಸಲಿನಲ್ಲೇ ಬೆಳೆದಳು. ಒಂದು ದಿನ ಮಸಿ ಹಿಡಿದ ಗೋಡೆಯ ಮೇಲೆ ಬೆರಳಿನಿಂದ ಹೂವು ಬರೆದಳು. ಕೊನೆಯ ಎಸಳು ಬರೆಯುವಾಗ ಯಾರೋ ಕರೆದರೆಂದು ಕೈ ಜಾರಿತು. ಅಪ್ಪ ಆ ಸೊಟ್ಟ ಎಸಳನ್ನೂ ಬಿಡದೆ ಹಾಗೆಯೇ ಅಚ್ಚು ಕೊರೆಸಿದರು.

ಜರ್ಮನಿ ಸೋತು ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನ್ ಮಾತಾಡುವವರೆಲ್ಲ ಈ ದೇಶ ಬಿಟ್ಟು ಹೋಗಬೇಕೆಂದಾಯಿತು. ಕೈಯಲ್ಲಿ ಹೊರುವಷ್ಟು ಸಾಮಾನು, ಗೂಡ್ಸ್ ರೈಲಿನ ಡಬ್ಬಿ. ಮಣಿ ಒತ್ತುವ ಕೈಗಳು ಕಾರ್ಖಾನೆಗೆ ಬೇಕಿದ್ದವು, ಹೆಂಡತಿ ಬೇರೆ ಚೆಕ್, ಹಾಗಾಗಿ ಅಪ್ಪನನ್ನು ಇಟ್ಟುಕೊಂಡರು. ಆದರೆ ಗೆರ್ಡಾ ಆಗ ಗುಡ್ಡದಾಚೆಯ ಊರಿನಲ್ಲಿದ್ದ ತನ್ನ ತಾಯಿಯ ತಂಗಿಯ ಮನೆಗೆ ಹೋಗಿದ್ದಳು. ಆ ಊರಿನವರನ್ನು ಹೊರಡಿಸಿದಾಗ ಚಿಕ್ಕಮ್ಮನ ಜೊತೆ ಅವಳನ್ನೂ ಹತ್ತಿಸಿದರು.

"ಸ್ಟೇಷನ್ನಿಗೆ ಅಪ್ಪ ಹೋಗಲಿಲ್ಲ," ಎಂದಳು ಹಾನಾ. "ಹೋಗಿದ್ದರೆ ಅವರನ್ನೂ, ಅಮ್ಮನನ್ನೂ, ನನ್ನನ್ನೂ ಅದೇ ರೈಲಿಗೆ ಹತ್ತಿಸುತ್ತಿದ್ದರೋ ಏನೋ. ಅಮ್ಮ ಬಾಗಿಲಿಗೆ ಅಡ್ಡ ನಿಂತಳಂತೆ. ನಾನು ಚಿಕ್ಕವಳು. ನನಗೆ ನೆನಪಿರುವುದು ಒಂದೇ. ಯಾರೋ ನನ್ನನ್ನು ಸೊಂಟದಲ್ಲಿ ಎತ್ತಿಕೊಂಡು ಈ ಹೊಳೆ ದಾಟಿಸುತ್ತಿದ್ದರು. ಆ ಸೊಂಟ ತೆಳ್ಳಗಿತ್ತು, ಎಲುಬು ಚುಚ್ಚುತ್ತಿತ್ತು. ಅದು ಅಮ್ಮನದ್ದಲ್ಲ."

ಗೆರ್ಡಾ ಮಾತ್ರ ಅಪ್ಪ ಬಂದೇ ಬರುತ್ತಾರೆಂದು ಡಬ್ಬಿಯ ಬಾಗಿಲಿನಲ್ಲಿ ನಿಂತಿದ್ದಳಂತೆ. ಎಷ್ಟೋ ವರ್ಷಗಳ ಮೇಲೆ ಇಲ್ಲಿಗೆ ಬಂದಾಗ ಇದನ್ನು ಅವಳೇ ಹೇಳಿದ್ದು, ಇಷ್ಟು ಮಾತ್ರ.

ಇಲ್ಲಿಂದ ಹೋದವರಲ್ಲಿ ಬಹಳ ಜನ ಜರ್ಮನಿಯ ಬವೇರಿಯಾದಲ್ಲಿ, ಕಾಡಿನೊಳಗೆ ಹಾಳುಬಿದ್ದ ಒಂದು ಸಿಡಿಮದ್ದು ಕಾರ್ಖಾನೆಯ ಗೋಡೆಗಳ ನಡುವೆ ನೆಲೆನಿಂತರು. ಬಿಟ್ಟುಬಂದ ಊರಿನ ಹೆಸರನ್ನೇ ಅದಕ್ಕೆ ಇಟ್ಟರು. ಡಬ್ಬಿಯ ತಗಡು ಕತ್ತರಿಸಿ, ಒಡೆದ ಬಾಟಲಿಯ ಗಾಜು ಕರಗಿಸಿ ಪದಕ ಮಾಡತೊಡಗಿದರು. ಗೆರ್ಡಾ ಅಲ್ಲಿ ಹುಡುಗಿಯಾಗಿ ತಗಡು ತಿಕ್ಕಲು ಕೂತವಳು, ಮುಂದೆ ತನ್ನದೇ ಹೆಸರಿನ ಆಭರಣ ಮಾಡುವವಳಾದಳು. ಅವಳ ಬ್ರೋಚುಗಳನ್ನು ಅಮೆರಿಕದವರು ಕೊಂಡರು, ಈಗ ಹಳೆಯ ವಸ್ತು ಸಂಗ್ರಹಿಸುವವರು ಹುಡುಕಿಕೊಂಡು ಹೋಗುತ್ತಾರೆ. ಹಾನಾಳ ಹತ್ತಿರ ಒಂದು ಇತ್ತು. ತೋರಿಸಿದಳು. ಕಪ್ಪು ಗಾಜಿನ ಎಲೆಗಳು, ನಡುವೆ ಮಳೆಹನಿಯಂತೆ ಒಂದೇ ಬಿಳಿ ಕಲ್ಲು. ಇಷ್ಟು ವರ್ಷ ಸೆಟ್ಟುಗಳನ್ನು ಮುಟ್ಟಿದ ಕೈ ನನ್ನದು. ಅದರ ಹಿಂಬದಿ ತಿರುಗಿಸಿದೆ. ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕ.

ಆಮೇಲೆ ಎರಡು ದೇಶಗಳ ನಡುವೆ ಮುಚ್ಚಿದ ಗಡಿ ನಲವತ್ತು ವರ್ಷ ದಾಟಿ ತೆರೆಯುವಾಗ ಅಪ್ಪ ಇರಲಿಲ್ಲ. ಅಕ್ಕತಂಗಿಯರಿಗೆ ತಲೆ ನರೆತಿತ್ತು. ಗೆರ್ಡಾ ಒಮ್ಮೆ ಇಲ್ಲಿಗೆ ಬಂದಳು. ಯುದ್ಧದ ನಂತರ ಮನೆಯಲ್ಲಿ ಜರ್ಮನ್ ಆಡಲು ಅಮ್ಮ ಬಿಡದ ಕಾರಣ ಹಾನಾಳಿಗೆ ಆ ಭಾಷೆ ಇಲ್ಲ. ಗೆರ್ಡಾಳಿಗೆ ಚೆಕ್ ಇಲ್ಲ. ನಡುವೆ ಒಬ್ಬ ದುಭಾಷಿ. ಹಾನಾ ಅಪ್ಪನ ವಿಷಯ ಮತ್ತೆ ತೆಗೆದ ಕೂಡಲೇ ಗೆರ್ಡಾ ಅವನಿಗೆ, "ಅದನ್ನು ನನಗೆ ಹೇಳಬೇಡಿ," ಎಂದಳು. ಹೊಳೆಯ ತನಕ ಬಂದಳು. ಗುಡಿಸಲಿನ ಒಳಗೆ ಕಾಲಿಡಲಿಲ್ಲ.

"ಈಗ?" ನಾನು ಕೇಳಿದೆ.

"ಈಗ ಅವಳಿಗೆ ತೊಂಬತ್ತು ದಾಟಿದೆ. ಕಣ್ಣು ಪೂರಾ ಹೋಗಿದೆ. ನನಗೆ ಈ ಕಾಲಿನಲ್ಲಿ ರೈಲು ಹತ್ತಲಿಕ್ಕೆ ಆಗುವುದಿಲ್ಲ. ಭಾನುವಾರ ಫೋನ್ ಮಾಡುತ್ತೇವೆ. ಅವಳು ಹಲೋ ಹಾನಾ ಎನ್ನುತ್ತಾಳೆ, ನಾನು ಹಲೋ ಗೆರ್ಡಾ ಎನ್ನುತ್ತೇನೆ. ಆಮೇಲೆ ಇಬ್ಬರೂ ಸುಮ್ಮನೆ ಹಿಡಿದುಕೊಂಡಿರುತ್ತೇವೆ. ಅವಳ ಉಸಿರು ಕೇಳುತ್ತದೆ."

ಝೊಹರಾ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು.

ಹಮೀದ್ ಮುಂದೆ ಹೋಗಬೇಕಾದದ್ದು ಆ ಬವೇರಿಯಾದ ಊರಿಗೇ. ಅದು ತಿಳಿದೇ ಹಾನಾ ಪಕ್ಕದ ಮನೆಯವನಿಂದ ಕುಲುಮೆ ಹೊತ್ತಿಸಿ, ಗೆರ್ಡಾ ಅಚ್ಚಿನಲ್ಲಿ ನೀಲಿ ಮಣಿಗಳನ್ನು ಒತ್ತಿಸಿ, ತಾನೇ ಪೋಣಿಸಿ ಇಟ್ಟಿದ್ದಳು. ಅಂಚು ತಿಕ್ಕಿರಲಿಲ್ಲ, ಕೈ ನಡುಗುತ್ತದೆ, ಆಗಲಿಲ್ಲ ಎಂದಳು. ಸರವನ್ನು ಹಮೀದನಿಗೆ ಕೊಡಲು ಹೊರಟವಳು ಏನೋ ಯೋಚಿಸಿ ಝೊಹರಾಳ ಕೈಗೆ ಇಟ್ಟಳು.

"ತೆಗೆದುಕೊಳ್ಳದಿದ್ದರೆ ಒತ್ತಾಯ ಮಾಡಬೇಡಿ. ಸ್ವಲ್ಪ ಹೊತ್ತು ಅವಳ ಕೈ ಹಿಡಿದುಕೊಂಡು ಸರವನ್ನು ವಾಪಸು ತನ್ನಿ."

ರೈಲು

ಸರ ಝೊಹರಾಳ ಕೈಚೀಲದಲ್ಲಿತ್ತು. ಅವಳು ಚೀಲವನ್ನು ಮೇಲೆ ಇಡಲೂ ಇಲ್ಲ, ಪಕ್ಕಕ್ಕೆ ಇಡಲೂ ಇಲ್ಲ.

ಹಮೀದ್ ಊಟಕ್ಕೆ ತಂದ ಬ್ರೆಡ್ಡಿನೊಳಗೆ ಏನಿದೆ ಎಂಬುದು ದೊಡ್ಡ ವಿಚಾರಣೆಯಾಯಿತು. ಝೊಹರಾ ಹಂದಿ ಇರಬಹುದೆಂಬ ಅನುಮಾನದ ಮೇಲೆ ಅದನ್ನು ನನಗೆ ದಾಟಿಸಿ, ತಾನು ಕರಿದ ಚೀಸು, ಬಟಾಟೆಯಲ್ಲಿ ಹೊಟ್ಟೆ ತುಂಬಿಸಿಕೊಂಡಳು. ಒಂದು ಗಳಿಗೆಯಲ್ಲಿ ಮೊಬೈಲು ಕುಂಯ್ ಎಂದಿತು. ಜರ್ಮನಿಗೆ ಸ್ವಾಗತ ಎಂಬ ಮೆಸೇಜು. ಹೊರಗೆ ನೋಡಿದೆ. ಅದೇ ಹುಲ್ಲು, ಅದೇ ದನ. ಗೇಟಿಲ್ಲ, ಪೊಲೀಸರಿಲ್ಲ, ಯಾರೂ ನಮ್ಮನ್ನು ಏನೂ ಕೇಳಲಿಲ್ಲ.

"ಗಡಿ ದಾಟಿತಾ?" ಝೊಹರಾ ಕೇಳಿದಳು.

"ದಾಟಿತಂತೆ."

"ಇಷ್ಟೇಯಾ!"

ಕೊರೊನಾ ಸಮಯದಲ್ಲಿ ನಮ್ಮಲ್ಲಿ ಕೇರಳದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದದ್ದು ನೆನಪಾಯಿತು. ಮಣ್ಣಿನ ಗುಡ್ಡೆಯ ಈಚೆಗೆ ಮಗಳು, ಆಚೆಗೆ ತಾಯಿ ನಿಂತು ಕೈ ಎತ್ತಿ ಮಾತಾಡಿದ್ದನ್ನು ನಾವು ನೋಡಿದವರು. ಕೆಲವು ತಿಂಗಳಿಗೆ ಮಣ್ಣು ತೆಗೆದರು. ಇಲ್ಲಿ ತೆಗೆಯುವಷ್ಟರಲ್ಲಿ ಒಂದು ಜೀವಮಾನ ಹೋಗಿತ್ತು.

ನಿದ್ದೆ ಬರಲಿಲ್ಲ. ಭಾಷೆಯ ವಿಷಯ ತಲೆಯಲ್ಲಿ ಸುತ್ತುತ್ತಿತ್ತು. ನಮ್ಮ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಾಲ್ಕಾರು ಭಾಷೆ ಓಡಾಡುತ್ತದೆ. ಝೊಹರಾ ತನ್ನ ಮನೆಮಾತು ಬ್ಯಾರಿಯಲ್ಲಿ ಬೈದದ್ದಕ್ಕೆ ನಾನು ತುಳುವಿನಲ್ಲಿ ಉತ್ತರ ಕೊಡುವುದು, ಗಿರಾಕಿ ಮಲಯಾಳದಲ್ಲಿ ಚೌಕಾಶಿ ಮಾಡುವುದು ನಮಗೆ ಒಂದು ವಿಶೇಷವೇ ಅಲ್ಲ. ಆದರೆ ನನ್ನ ತವರಿನ ಮಾತು, ಸುಳ್ಯ ಕಡೆಯ ಅರೆಭಾಷೆ, ಈಗ ನನ್ನ ನಾಲಿಗೆಯಲ್ಲಿ ಸುಮ್ಮನೆ ಕೂತಿದೆ. ಗಂಡನ ಮನೆಯಲ್ಲಿ ತುಳು, ಮಕ್ಕಳ ಜೊತೆ ಕನ್ನಡ. ಅಮ್ಮ ಇರುವಾಗ ಫೋನ್ ಎತ್ತಿದ ಕೂಡಲೇ ಅದು ತನ್ನಿಂದ ತಾನೇ ಬರುತ್ತಿತ್ತು. ಅಮ್ಮ ಹೋದ ಮೇಲೆ, ಒಮ್ಮೆ ಅರಂತೋಡಿನ ಒಂದು ಅಂಗಡಿಯಲ್ಲಿ ಯಾರೋ ಹೆಂಗಸು ತನ್ನ ಮಗುವನ್ನು ಅರೆಭಾಷೆಯಲ್ಲಿ ಗದರಿದ್ದು ಕೇಳಿ ನಾನು ತಿರುಗಿ ನೋಡಿಬಿಟ್ಟೆ. ಗದರಿದ್ದು ನನ್ನನ್ನೇ ಎಂದು ಅನಿಸಿತ್ತು. ನನ್ನನ್ನೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಬಸ್ಸಿನಲ್ಲಿ ಅನಿಸಿತು.

ಇದನ್ನು ಝೊಹರಾಳಿಗೆ ಹೇಳಿದೆ.

"ನನಗೆ ಹೇಳಿಕೊಡಬೇಕಿತ್ತಲ್ಲ ನೀನು," ಎಂದಳು. "ನಾನು ಗದರುತ್ತಿದ್ದೆ."

ಬವೇರಿಯಾ, ಗೆರ್ಡಾಳ ಕೋಣೆ

ಗೆರ್ಡಾ ಇದ್ದದ್ದು ವೃದ್ಧರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ. ಲೆಂಕಾ ಮೊದಲೇ ತಿಳಿಸಿದ್ದಳು. ಹಮೀದ್ ನಮ್ಮನ್ನು ಬಾಗಿಲಲ್ಲಿ ಬಿಟ್ಟು, ತನ್ನ ವ್ಯಾಪಾರಿಯನ್ನು ಕಂಡು ಬರುತ್ತೇನೆ ಎಂದು ಹೋದ. "ಅಕ್ಕ, ಜರ್ಮನ್ ನನಗೂ ಅಷ್ಟಕ್ಕಷ್ಟೇ. ಒಳಗೆ ಇಂಗ್ಲಿಷ್ ಬರುವವರು ಯಾರಾದರೂ ಇದ್ದಾರು."

ಒಳಗೆ ಇದ್ದದ್ದು ಬಿನ್ಸಿ. ನೀಲಿ ಅಂಗಿಯ ನರ್ಸು. ನಮ್ಮ ಕಪ್ಪು ಕೂದಲು, ಝೊಹರಾಳ ತಲೆವಸ್ತ್ರ ನೋಡಿ ಅರೆಗಳಿಗೆ ನಿಂತಳು. ನಂತರ ಬಹಳ ಮೆಲ್ಲಗೆ, "ನಾಟಿಲ್ ಎವಿಡೆಯಾ ಚೇಚಿ?" ಎಂದಳು.

ಊರಲ್ಲಿ ಎಲ್ಲಿ ಅಕ್ಕ ಎಂದು ಜರ್ಮನಿಯಲ್ಲಿ ಒಬ್ಬರು ಮಲಯಾಳದಲ್ಲಿ ಕೇಳಿದರೆ ಎಂತ ಹೇಳುವುದು! ಝೊಹರಾ ಪುತ್ತೂರು ಎಂದಳು. ಬಿನ್ಸಿ ಬಾಯಿಗೆ ಕೈ ಇಟ್ಟುಕೊಂಡಳು. ಅವಳ ಊರು ಬಂದಡ್ಕ. ಸುಳ್ಯದಿಂದ ಕೇರಳದ ಗಡಿ ದಾಟಿದರೆ ಸಿಗುವ ಊರು. ಬಟ್ಟೆಗೆ ಸುಳ್ಯಕ್ಕೆ, ದೊಡ್ಡ ಡಾಕ್ಟರಿಗೆ ಪುತ್ತೂರಿಗೆ ಬಂದು ಬೆಳೆದವಳು. ಕಾರಿಡಾರಿನಲ್ಲಿ ನಿಂತು ಮೂವರೂ ಎಷ್ಟು ಗಟ್ಟಿಯಾಗಿ ಮಾತಾಡಿದೆವೆಂದರೆ, ಗಾಲಿಕುರ್ಚಿಯಲ್ಲಿದ್ದ ಒಬ್ಬ ಅಜ್ಜ ಬಾಗಿಲು ತೆರೆದು ನೋಡಿದರು. ಬಿನ್ಸಿ ಇದ್ದ ಮೇಲೆ ಇಂಗ್ಲಿಷಿನ ಅಗತ್ಯವೇ ಬೀಳಲಿಲ್ಲ. ಜರ್ಮನ್ ಮಲಯಾಳವಾಗಿ ನಮ್ಮ ಕಿವಿಗೆ ಬಂತು. ನಮ್ಮ ಮಾತು ಅದೇ ದಾರಿಯಲ್ಲಿ ವಾಪಸು ಹೋಯಿತು.

ಗೆರ್ಡಾ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಉದ್ದನೆಯ ಹೆಂಗಸು. ಬಿಳಿ ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಬಾಚಿತ್ತು. ಮೈಮೇಲೆ ಒಂದು ಆಭರಣವೂ ಇಲ್ಲ. ಬೆರಳುಗಳು ಮಾತ್ರ ಮಡಿಲಲ್ಲಿ ಒಂದನ್ನೊಂದು ತಡವುತ್ತಾ ಇದ್ದವು.

ಹಾನಾಳ ಕಡೆಯಿಂದ ಬಂದವರು ಎಂದಾಗ ತಲೆಯಾಡಿಸಿದಳು. ಇಂಡಿಯಾದವರು, ಮದುವೆಗೆ ಆಭರಣ ಬಾಡಿಗೆ ಕೊಡುವವರು ಎಂದಾಗ ಅವಳ ಹುಬ್ಬು ಮೇಲೆ ಹೋಯಿತು.

"ಮದುವೆ ಮುಗಿದ ಮೇಲೆ ವಾಪಸು ಕೊಡುತ್ತಾರಾ?"

"ಕೊಡುತ್ತಾರೆ," ಎಂದೆ. "ಕೆಲವರು ಅಳುತ್ತಾ ಕೊಡುತ್ತಾರೆ."

ಗೆರ್ಡಾ ಮೊದಲ ಸಲ ನಮ್ಮ ಕಡೆ ತಿರುಗಿದಳು. "ಆಮೇಲೆ ಅವರು ಆ ದಿನದ ಫೋಟೋ ನೋಡುತ್ತಾರೆ," ಎಂದಳು. "ಬಹಳ ವರ್ಷ ನೋಡುತ್ತಾರೆ."

ಝೊಹರಾ ಚೀಲ ತೆರೆದಳು. ಹಾನಾ ಹೇಳಿದ ಹಾಗೆ ಮೊದಲು ಗೆರ್ಡಾಳ ಕೈ ಹಿಡಿದುಕೊಂಡಳು. ಗೆರ್ಡಾ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಸರವನ್ನು ಆ ಅಂಗೈಯಲ್ಲಿ ಮೆಲ್ಲಗೆ ಇಳಿಸಿದಳು.

ಗೆರ್ಡಾ ಮಣಿಗಳನ್ನು ಉದ್ದಕ್ಕೂ ಎಣಿಸುವವಳಂತೆ ಜಾರಿಸಿದಳು. ಒಂದರ ಮೇಲೆ ಬೆರಳು ನಿಂತಿತು. ಮತ್ತೆ ಅದೇ ಮಣಿಯನ್ನು ಸುತ್ತ ತಡವಿದಳು. ಒಂದು, ಎರಡು, ಮೂರು, ನಾಲ್ಕು ಎಸಳು. ಐದನೆಯದರಲ್ಲಿ ಹೆಬ್ಬೆರಳು ನಿಂತಿತು, ಅಲ್ಲಿಂದ ಕದಲಲೇ ಇಲ್ಲ. ಬಿನ್ಸಿ ನನ್ನ ಮುಖ ನೋಡಿದಳು. ಈಗ ಸರವನ್ನು ಎಸೆಯುತ್ತಾಳೆ ಎಂದು ನಾನು ಕಾದೆ.

ಗೆರ್ಡಾ ಮಣಿಯನ್ನು ತುಟಿಗೆ ತಂದಳು. ಮುತ್ತು ಕೊಡುವುದಕ್ಕಲ್ಲ. ಬೆರಳಿಗಿಂತ ತುಟಿಗೆ ಚೆನ್ನಾಗಿ ಗೊತ್ತಾಗುವುದನ್ನು ನೋಡುವುದಕ್ಕೆ. ತುಟಿಯ ಮೇಲೆ ಅಂಚನ್ನು ಎಳೆದು, ಮುಖ ಗಂಟಿಕ್ಕಿ, ಒಂದು ಪದ ಹೇಳಿದಳು.

"ಗ್ರಾಟ್."

"ಎಂತ ಹೇಳಿದ್ದು?" ಝೊಹರಾ ಬಿನ್ಸಿಯನ್ನು ಕೇಳಿದಳು.

"ಅಂಚು. ಹೆಚ್ಚಾಗಿ ಉಳಿದ ಅಂಚು. ತಿಕ್ಕಿಲ್ಲವಂತೆ." ಗೆರ್ಡಾ ಈಗ ಸಿಟ್ಟಿನಲ್ಲಿ ಜೋರಾಗಿ ಏನೋ ಹೇಳುತ್ತಿದ್ದಳು. ಬಿನ್ಸಿ ತಡೆದು ತಡೆದು ಮಲಯಾಳಕ್ಕೆ ತಂದಳು. "ಇಂಥದ್ದನ್ನು ಗುಡಿಸಲಿನಿಂದ ಹೊರಗೆ ಕಳಿಸುವುದೇ ಅಲ್ಲ. ಅಪ್ಪ ಇದ್ದಿದ್ದರೆ ವಾಪಸು ಮುಖಕ್ಕೆ ಎಸೆಯುತ್ತಿದ್ದರು..." ಬಿನ್ಸಿ ಅಲ್ಲಿಗೆ ನಿಲ್ಲಿಸಿದಳು. "ಚೇಚಿ, ಇವರ ಬಾಯಲ್ಲಿ ಅಪ್ಪ ಎಂಬ ಮಾತನ್ನು ನಾನು ಇವತ್ತೇ ಕೇಳಿದ್ದು."

ಭಾನುವಾರ ಅಲ್ಲ. ಆದರೂ ಬಿನ್ಸಿ ಹಾನಾಳಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಗೆರ್ಡಾಳ ಮುಂದೆ ಹಿಡಿದಳು.

ಹಲೋ ಗೆರ್ಡಾ. ಹಲೋ ಹಾನಾ. ನಂತರ ಹಾನಾ ಹೇಳಿದ್ದ ಅದೇ ಮೌನ. ಎರಡು ಮುದಿ ಉಸಿರು.

"ಗ್ರಾಟ್!" ಎಂದಳು ಗೆರ್ಡಾ, ಬೈಯುವ ದನಿಯಲ್ಲಿ.

ಹಾನಾಳಿಗೆ ಜರ್ಮನ್ ಬಾರದಲ್ಲ ಎಂದು ಬಿನ್ಸಿ ವಿವರಿಸಲು ಬಾಯಿ ತೆರೆಯುತ್ತಿದ್ದಳು. ಅಷ್ಟರಲ್ಲಿ ಫೋನಿನಿಂದ ಸಣ್ಣ ದನಿ ಬಂತು.

"ಗ್ರಾಟ್?"

ಮತ್ತೊಮ್ಮೆ, ಈ ಸಲ ನಗುವಿನಲ್ಲಿ ಒಡೆದುಕೊಂಡು, "ಗ್ರಾಟ್! ಗ್ರಾಟ್!"

ಹಾನಾಳಿಗೆ ಆ ಪದ ಗೊತ್ತಿತ್ತು. ಮನೆಯೊಳಗೆ ಅಮ್ಮ ಆ ಭಾಷೆಯನ್ನು ಮುಚ್ಚಿಸಿದ್ದರೂ ಕೆಲಸದ ಮಣೆಯ ಮುಂದೆ ಅಪ್ಪನ ಬಾಯಲ್ಲಿ ಕೆಲಸದ ಪದಗಳು ಹಾಗೆಯೇ ಉಳಿದಿದ್ದವು. ಅವು ಜರ್ಮನ್ ಎಂದು ಹಾನಾ ಯೋಚಿಸಿಯೇ ಇರಲಿಲ್ಲ; ಗುಡಿಸಲಿನ ಮಾತು ಎಂದುಕೊಂಡಿದ್ದಳು. ಗುಡಿಸಲಿನೊಳಗೆ ಗೆರ್ಡಾ ಕಾಲಿಡದ್ದರಿಂದ ಅಕ್ಕತಂಗಿಯರು ಅವನ್ನು ಎಂದೂ ಆಡಿರಲಿಲ್ಲ. ಈಗ ಗೆರ್ಡಾ ಇನ್ನೊಂದು ಪದ ಹೇಳಿದಳು, ತಂತಿ. ಹಾನಾ ಅದನ್ನೇ ತಿರುಗಿ ಹೇಳಿದಳು. ಹಾನಾ ಒಂದು ಹೇಳಿದಳು, ಇಕ್ಕಳ. ಗೆರ್ಡಾ ಉಚ್ಚಾರ ತಿದ್ದಿದಳು. ಮಣಿ, ಕುಲುಮೆ, ಸೂಜಿ, ಮಸಿ. ಒಂದೊಂದೇ ಪದವನ್ನು ಅವರು ಆಚೆಗೀಚೆಗೆ ದಾಟಿಸುತ್ತಿದ್ದರು. ಯಾವ ಪದಕ್ಕೂ ಮುಂದೆ ವಾಕ್ಯ ಇರಲಿಲ್ಲ.

ಬಿನ್ಸಿ ಒಂದೊಂದಕ್ಕೂ ಅರ್ಥ ಹೇಳುತ್ತಿದ್ದವಳು ಸ್ವಲ್ಪ ಹೊತ್ತಿಗೆ ಬಿಟ್ಟುಬಿಟ್ಟಳು. ನಾವು ಮೂವರೂ ಗೋಡೆಗೆ ಒರಗಿ ನಿಂತೆವು. ಝೊಹರಾ ನನ್ನ ತೋಳನ್ನು ಹಿಡಿದದ್ದು ಎಷ್ಟು ಬಿಗಿಯಾಗಿತ್ತೆಂದರೆ ಎರಡು ಸ್ವೆಟರಿನ ಮೇಲಿಂದಲೂ ನೋಯುತ್ತಿತ್ತು.

ಫೋನ್ ಇಟ್ಟ ಮೇಲೆ ಗೆರ್ಡಾ ಉಗುರು ತಿಕ್ಕುವ ಅರ ಕೇಳಿದಳು. ಬಿನ್ಸಿ ತಂದುಕೊಟ್ಟಳು. ಕಣ್ಣಿಲ್ಲದ ಆ ಹೆಂಗಸು ಒಂದು ಮಣಿಯನ್ನು ಹೆಬ್ಬೆರಳಿನ ಕೆಳಗೆ ಒತ್ತಿ ಹಿಡಿದು, ಅಂಚನ್ನು ತಿಕ್ಕಿ, ತುಟಿಗೆ ತಾಗಿಸಿ, ಮತ್ತೆ ತಿಕ್ಕಿ, ಕಡೆಗೆ ಝೊಹರಾಳ ಬೆರಳನ್ನು ಹುಡುಕಿ ತೆಗೆದುಕೊಂಡು ಅದರ ಮೇಲೆ ಇಟ್ಟಳು. ಎಣ್ಣೆ ಹಚ್ಚಿದ ಹಾಗೆ ನುಣುಪು.

"ಉಳಿದದ್ದನ್ನೂ ನಾನೇ ಮಾಡುತ್ತೇನೆಂದು ಅವಳಿಗೆ ಹೇಳಿ," ಎಂದಳು. "ಮುಗಿದ ಮೇಲೆ ಕಳಿಸುತ್ತೇನೆ."

ಪುತ್ತೂರು

ಆಮೇಲಿನದ್ದನ್ನು ನಾವು ನೋಡಿದ್ದಲ್ಲ. ಹಮೀದನೂ ಬಿನ್ಸಿಯೂ ಆಗಾಗ ಹೇಳಿ ಗೊತ್ತಾದದ್ದು.

ಅಕ್ಕತಂಗಿಯರು ಆ ನಂತರ 'ಪದ ಹೇಳಲು' ದಿನಾ ಫೋನ್ ಮಾಡತೊಡಗಿದರಂತೆ. ಗೆರ್ಡಾ ಮಧ್ಯಾಹ್ನ ಊಟವಾದ ಮೇಲೆ ಅರ ಹಿಡಿದು ಕೂರುತ್ತಿದ್ದಳು. ಎರಡು ಮೂರು ಮಣಿಗೆ ಸುಸ್ತಾಗುತ್ತಿತ್ತು. ಬಿನ್ಸಿ ಮಾಡಿಕೊಡುತ್ತೇನೆ ಎಂದರೆ ಕೊಡುತ್ತಿರಲಿಲ್ಲ. ಒಂದು ದಿನ ಅವಳು ಅಪ್ಪನ ಕೈ ಹೇಗಿತ್ತು ಎಂದು ಬಿನ್ಸಿಗೆ ತಾನಾಗಿಯೇ ಹೇಳಿದಳಂತೆ. ಬಿಸಿ ಗಾಜು ಸಿಡಿದು ಕಲೆಯಾದ ಹೆಬ್ಬೆರಳು, ಅದರಲ್ಲಿ ಹಿಡಿದುಕೊಂಡು ಹೊಳೆಯ ತನಕ ಕರಕೊಂಡು ಹೋಗುತ್ತಿದ್ದದ್ದು.

ನಮ್ಮಲ್ಲಿ ಮಳೆ ಹಿಡಿದು ಮದುವೆಗಳೆಲ್ಲ ನಿಂತು, ಅಂಗಡಿ ಖಾಲಿ ಇದ್ದ ಒಂದು ದಿನ ಹಮೀದನ ಫೋನ್ ಬಂತು. ಝೊಹರಾ ಎತ್ತಿ, ಕೇಳಿ, ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಗೆರ್ಡಾ ಹೋಗಿದ್ದಳು. ನಿದ್ದೆಯಲ್ಲೇ. ಬಿನ್ಸಿ ಸರವನ್ನು ತನ್ನ ಕೈಯಿಂದಲೇ ಕಟ್ಟಿ ಹಾನಾಳಿಗೆ ಕಳಿಸಿದ್ದಳು. ಅರ್ಧದಷ್ಟು ಮಣಿಗಳು ಮುಗಿದಿದ್ದವು.

ಹಾನಾ ಅದನ್ನು ಈಗ ಯಾವಾಗಲೂ ಕೊರಳಲ್ಲಿ ಹಾಕಿಕೊಂಡಿರುತ್ತಾಳಂತೆ. ತಿಕ್ಕದೆ ಉಳಿದ ಮಣಿಗಳು ಎಡಗಡೆ ತಾಗಿ ಕತ್ತು ಕೆಂಪಾಗುತ್ತದೆ ಎಂದು ಲೆಂಕಾ ಹಮೀದನ ಹತ್ತಿರ ದೂರು ಹೇಳಿದ್ದಾಳೆ. ಕೊಡಮ್ಮ, ಯಾರಿಂದಾದರೂ ಉಳಿದದ್ದನ್ನು ತಿಕ್ಕಿಸಿ ತರುತ್ತೇನೆ ಎಂದರೆ, ಹಾನಾ ಕೈ ಅಡ್ಡ ಹಿಡಿಯುತ್ತಾಳಂತೆ.

"ಅದು ಅವಳ ಕೆಲಸ," ಎನ್ನುತ್ತಾಳಂತೆ. "ಅವಳೇ ಮಾಡುತ್ತೇನೆ ಎಂದಿದ್ದಾಳೆ."